ಹೊಳೀತಿದ್ದರೆ ಬರ್ತಿದೆ ಅಂತ ಅರ್ಥ

ಮಾರ್ಚ್ ೪, ಮಂಗಳವಾರ

ಅಕ್ಕ ತನ್ನ ಕನ್ನಡಕದ ಅಂಗಡಿಯಿಂದ ತಂದುಕೊಟ್ಟ ಡೈರಿ ಎರಡು ತಿಂಗಳಿಂದ ಅಲುಗಾಡೋ ಮೇಜಿನ ಕಾಲ ಕೆಳಗೆ ಕೂತಿತ್ತು. ಇವತ್ತು ಎತ್ತಿಕೊಂಡೆ. ಕಾರಣ ಇದೆ. ಆಫೀಸಿನಲ್ಲಿ ನನಗೆ ಚಪ್ಪಾಳೆ ಬಿತ್ತು. ಹನ್ನೊಂದು ವರ್ಷದಲ್ಲಿ ಇದು ಎರಡನೇ ಸಲ. ಮೊದಲನೇದು ಕುರ್ಚಿ ಮುರಿದು ಬಿದ್ದಾಗ.

ನನ್ನ ಕೆಲಸ ಏನು ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಒಂದು ಸಲ ಬರೆದಿಟ್ಟುಬಿಡ್ತೀನಿ. ಫೋನಿನಲ್ಲಿ ಒಂದು ಪುಟ ತೆರೆದರೆ ಅದರ ವಿವರ ಬರೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಖಾಲಿ ತೋರಿಸಿದರೆ ಜನಕ್ಕೆ ಸಿಟ್ಟು ಬರುತ್ತೆ. ಅದಕ್ಕೆ ಬರಲಿರೋದರ ಆಕಾರವನ್ನ ಬೂದು ಬಣ್ಣದಲ್ಲಿ ತೋರಿಸ್ತೀವಿ. ಫೋಟೋ ಬರೋ ಕಡೆ ಒಂದು ಬೂದು ವೃತ್ತ, ಹೆಸರು ಬರೋ ಕಡೆ ಒಂದು ದಪ್ಪ ಪಟ್ಟಿ, ವಿವರಕ್ಕೆ ಮೂರು ಸಣ್ಣ ಪಟ್ಟಿ. ಅವುಗಳ ಮೇಲೆ ಎಡದಿಂದ ಬಲಕ್ಕೆ ತೆಳ್ಳನೆಯ ಬೆಳಕೊಂದು ಹರಿದುಹೋಗುತ್ತೆ, ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ. ಬಂತು ಬಂತು ಅನ್ನಿಸುತ್ತೆ. ಆಫೀಸಿನಲ್ಲಿ ಇದಕ್ಕೆ ಸ್ಕೆಲಿಟನ್ ಅಂತೀವಿ, ಅಸ್ಥಿಪಂಜರ. ಭಾವ ಗೆಳೆಯರಿಗೆ ನನ್ನ ಪರಿಚಯ ಮಾಡಿಕೊಡೋದೇ ಹಾಗೆ. "ನಮ್ಮ ಬಾಮೈದ. ಅಸ್ಥಿಪಂಜರ ಮಾಡಿ ಹೊಟ್ಟೆ ಹೊರೀತಾನೆ."

ಈಗ ನಾವು ಮಾಡ್ತಿರೋದು ದತ್ತು ಕಚೇರಿಯ ಆಪ್. ಹನ್ನೆರಡು ಸೆಕೆಂಡಲ್ಲಿ ವಿವರ ಬರದಿದ್ದರೆ ಮೊದಲು ಒಂದು ಪುಟ ಬರ್ತಿತ್ತು: "ವಿವರ ಬರಲಿಲ್ಲ, ಈ ನಂಬರಿಗೆ ಕರೆ ಮಾಡಿ." ಜನ ಮಾಡ್ತಿದ್ರು ಕೂಡ, ದಿನಕ್ಕೆ ಮುನ್ನೂರು ಕರೆ. ಕಚೇರಿಯವರು ನಮ್ಮ ಮೇಡಂ ತಲೆ ತಿಂದರು, ಮೇಡಂ ನಮ್ಮ ತಲೆ ತಿಂದರು. ನಾನು ಹೇಳಿದೆ, ಬರಲಿಲ್ಲ ಅಂತ ಯಾಕೆ ಹೇಳಬೇಕು? ಆ ಪುಟವನ್ನೇ ತೆಗೆದುಬಿಡೋಣ. ಬೆಳಕು ಹರೀತಾನೇ ಇರಲಿ, ಹಿಂದಿನಿಂದ ಒಂದೂವರೆ ನಿಮಿಷಕ್ಕೊಂದು ಸಲ ಆಪ್ ತಾನಾಗೇ ಮತ್ತೆ ವಿವರ ಕೇಳ್ತಿರಲಿ.

ಕರೆಗಳು ದಿನಕ್ಕೆ ನಲವತ್ತಕ್ಕೆ ಇಳಿದವು. ಚಪ್ಪಾಳೆ ಅದಕ್ಕೆ. ಮೇಡಂ ನನ್ನ ಬೆನ್ನು ತಟ್ಟಿ, "ಕಾಯೋದನ್ನೇ ಸಿಹಿ ಮಾಡಿದ್ರಿ ಕಣ್ರೀ" ಅಂದರು. ನಾನು ಸಾಚಾ ಮುಖ ಮಾಡಿಕೊಂಡು ನಿಂತೆ. ಒಳಗೊಳಗೇ ಉಬ್ಬಿಹೋಗಿದ್ದೆ.

ಮಾರ್ಚ್ ೯, ಭಾನುವಾರ

ಊಟಕ್ಕೆ ಅಕ್ಕನ ಮನೆ. ಮೆಟ್ಟಿಲಿನ ತುದಿಗೆ ಭಾವ ಪುಟ್ಟ ಮರದ ಗೇಟು ಹಾಕಿದ್ದಾರೆ, ಮಗು ಉರುಳಿ ಬೀಳದಿರಲಿ ಅಂತ. ಮಗು ಇನ್ನೂ ಬಂದಿಲ್ಲ, ಗೇಟಿಗೆ ಆಗಲೇ ಮೂರು ವರ್ಷ. ಅಷ್ಟು ದಿನದಿಂದ ಇಬ್ಬರು ದೊಡ್ಡವರು ಕಾಲೆತ್ತಿ ಅದನ್ನ ದಾಟಿಕೊಂಡು ಓಡಾಡ್ತಿದ್ದಾರೆ. ತೆಗೆದಿಡಿ ಭಾವ ಅಂದ್ರೆ, "ನಮಗೂ ಅಭ್ಯಾಸ ಆಗ್ಲಿ ಬಿಡೋ" ಅಂತಾರೆ.

ದತ್ತು ಪಟ್ಟಿಯಲ್ಲಿ ಅವರ ಹೆಸರು ಸೇರಿ ನಾಲ್ಕು ವರ್ಷ ಎರಡು ತಿಂಗಳಾಯ್ತು. ಮೇಲೇರಿ ಏರಿ ಈಗ ಎರಡನೆಯವರು. ಜೂನ್‌ಗೆ ಅಕ್ಕನಿಗೆ ನಲವತ್ತೈದು ತುಂಬುತ್ತೆ, ಆಮೇಲೆ ಕಚೇರಿಯವರು ಪುಟ್ಟ ಮಗು ಕೊಡಲ್ಲ. ಅಂದ್ರೆ ಇವರಿಗೆ ಉಳಿದಿರೋದು ಇದೊಂದೇ ಸರದಿ. ಸರದಿ ಬಂದಾಗ ಫೋನಿಗೆ ಸಂದೇಶ ಬರುತ್ತೆ. ಆಪ್ ತೆರೆದು ಮಗುವಿನ ಫೋಟೋ, ವಿವರ ನೋಡಿ, ನಲವತ್ತೆಂಟು ಗಂಟೆಯೊಳಗೆ ಒಪ್ಪಿಗೆ ಒತ್ತಬೇಕು. ಒತ್ತದಿದ್ದರೆ ಮಗು ಮುಂದಿನವರಿಗೆ, ಇವರ ಹೆಸರು ಪಟ್ಟಿಯ ಕೊನೆಗೆ.

ಅಕ್ಕ ಅಂಗಡಿಯಲ್ಲಿ ಕನ್ನಡಕದ ಗಾಜನ್ನ ಕೂದಲೆಳೆ ಹೆಚ್ಚುಕಮ್ಮಿ ಆಗದ ಹಾಗೆ ಕತ್ತರಿಸ್ತಾಳೆ, ಫೋನ್ ಕೈಗೆ ಬಂದರೆ ಮಾತ್ರ ಬೆರಳು ಮುಂದೆ ಹೋಗಲ್ಲ. ಏನೋ ಒತ್ತಿ ಏನೋ ಕೆಡಿಸಿಬಿಟ್ರೆ ಅನ್ನೋ ಭಯ. "ಅದು ಬೂದು ಬೂದಾಗಿ ಬಂದು ಹೊಳೀತಾ ಇರುತ್ತಲ್ಲ, ಆಗ ನಾನು..." ಅಂತ ಶುರು ಮಾಡಿದಳು. ಅಕ್ಕ ಒಂದು ವಾಕ್ಯ ಮುಗಿಸೋಷ್ಟರಲ್ಲಿ ಎರಡು ಬಸ್ಸು ಬಂದು ಹೋಗುತ್ತೆ. ನಾನೇ ಮುಗಿಸಿಕೊಟ್ಟೆ. "ಆಗ ಏನೂ ಮಾಡಬೇಡ. ಆ ಬೆಳಕು ನಾನೇ ಮಾಡಿದ್ದು ಕಣೇ. ಹೊಳೀತಿದ್ದರೆ ಬರ್ತಿದೆ ಅಂತ ಅರ್ಥ. ಮುಚ್ಚಿ ತೆಗೆದು ಮಾಡಿದ್ರೆ ಮೊದಲಿಂದ ಶುರುವಾಗುತ್ತೆ." ತೆರೆದ ಬಾಯಿ ಮುಚ್ಚಿ, "ಸರಿ" ಅಂದಳು.

ಭಾವ ಕೈ ತೊಳೀತಾ, "ಮೂಗಿಗೆ ತುಪ್ಪ ಸವರೋ ಕೆಲಸ ಅನ್ನು" ಅಂದರು. ಭಾವ ಲಿಫ್ಟ್ ರಿಪೇರಿ ಮಾಡೋರು. ನಿಂತ ಲಿಫ್ಟನ್ನ ಓಡಿಸೋದು ಮಾತ್ರ ಕೆಲಸ ಅಂದುಕೊಂಡಿದ್ದಾರೆ.

ಮಾರ್ಚ್ ೧೮, ಮಂಗಳವಾರ

ಸಂದೇಶ ಬಂತಂತೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಅಕ್ಕನ ಫೋನು. "ಬಂತು ಕಣೋ" ಅಂದಳು. ನಾನು ಮೀಟಿಂಗಿನಲ್ಲಿದ್ದೆ. ಬೆಳಕು ಹರಿಯೋದು ಒಂದು ಸೆಕೆಂಡಿಗೋ ಒಂದೂವರೆ ಸೆಕೆಂಡಿಗೋ ಅಂತ ಅರ್ಧ ಗಂಟೆಯಿಂದ ಚರ್ಚೆ. ಬಾಗಿಲಾಚೆ ಬಂದು ಕೇಳಿದೆ, "ಪುಟ ತೆರೆದ್ಯಾ?" "ತೆರೆದೆ. ಬೂದು ಬಂದಿದೆ. ಹೊಳೀತಿದೆ." "ಹಂಗಾದ್ರೆ ಬರ್ತಿದೆ. ಫೋಟೋ ಅಲ್ವಾ, ಸ್ವಲ್ಪ ಹೊತ್ತು ಹಿಡಿಯುತ್ತೆ. ಮುಟ್ಟಬೇಡ, ಚಾರ್ಜಿಗೆ ಹಾಕಿಡು."

ಒಂದೂವರೆ ಸೆಕೆಂಡು ಅಂತ ತೀರ್ಮಾನ ಆಯ್ತು. ನಿಧಾನ ಇದ್ದರೆ ನಂಬಿಕೆ ಹುಟ್ಟುತ್ತಂತೆ.

ಮಾರ್ಚ್ ೧೯, ಬುಧವಾರ

ಕಚೇರಿಯವರ ಮುಂದೆ ಪ್ರದರ್ಶನ. ಉಸಿರಾಡೋಕೆ ಪುರುಸೊತ್ತಿಲ್ಲ. ಅಕ್ಕನದು ಮೂರು ಮಿಸ್ಡ್ ಕಾಲ್. ಊಟದ ಹೊತ್ತಿಗೆ ಮೆಸೇಜ್ ಹಾಕಿದೆ: "ಇನ್ನೂ ಹೊಳೀತಿದ್ಯಾ?" "ಹೊಳೀತಿದೆ" ಅಂತ ಬಂತು. "ಹಂಗಾದ್ರೆ ತಲೆ ಕೆಡಿಸ್ಕೋಬೇಡ" ಅಂತ ಬರೆದೆ.

ಮಾರ್ಚ್ ೨೦, ಗುರುವಾರ

ಗಡುವು ಮುಗಿದುಹೋಯ್ತು.

ಮಾರ್ಚ್ ೨೨, ಶನಿವಾರ

ನಿನ್ನೆ ಭಾವ ದತ್ತು ಕಚೇರಿಗೆ ಹೋಗಿ ಬಂದಿದ್ದಾರೆ. ಉತ್ತರ ಬರಲಿಲ್ಲ ಅಂತ ಮಗುವನ್ನ ಮುಂದಿನವರಿಗೆ ತೋರಿಸಿದೆವು, ಅವರು ಗುರುವಾರ ಸಂಜೆಯೇ ಒಪ್ಪಿದರು ಅಂದರಂತೆ ಗುಮಾಸ್ತೆ. ಪುಟ ತೆರೆಯಲೇ ಇಲ್ಲ ಅಂದ್ರೆ, "ಹಾಗಾದ್ರೆ ನೀವು ಫೋನ್ ಮಾಡಬೇಕಿತ್ತು" ಅಂದರಂತೆ. "ಯಾವ ನಂಬರಿಗೆ?" ಅಂತ ಭಾವ ಕೇಳಿದ್ರೆ, "ಆಪ್‌ನಲ್ಲೇ ಇರುತ್ತಲ್ಲ" ಅಂತ.

ಇತ್ತು. ನಾನು ತೆಗೆಸಿದ ಆ ಪುಟದಲ್ಲಿತ್ತು.

ಆದರೂ ಎಲ್ಲಾ ನನ್ನ ತಲೆಗೇ ಕಟ್ಟೋಕಾಗಲ್ಲ. ಅಕ್ಕನ ಫೋನ್ ಐದು ವರ್ಷ ಹಳೇದು, ಹೊಸದು ತಗೋ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ. ಅವರ ಮನೇಲಿ ಸಿಗ್ನಲ್ಲೂ ಅಷ್ಟಕ್ಕಷ್ಟೇ. ಇಬ್ಬರಲ್ಲಿ ಒಬ್ಬರಿಗಾದ್ರೂ ಎದ್ದು ಕಚೇರಿಗೆ ಹೋಗಬೇಕು ಅಂತ ಹೊಳೀಬಾರದಾ? ಇದನ್ನೇ ಫೋನಿನಲ್ಲಿ ಭಾವನಿಗೂ ಹೇಳಿದೆ, ಇಷ್ಟು ಒರಟಾಗಲ್ಲ. ಅವರು ಕೇಳಿದರು, "ಲಿಫ್ಟ್ ಕೆಟ್ಟರೆ ನಾವು ಕೆಟ್ಟಿದೆ ಅಂತ ಬೋರ್ಡ್ ಹಾಕ್ತೀವಿ. ನೀವು ಹಾಕಲ್ವಾ?"

ಹದಿನಾರು ವರ್ಷದಲ್ಲಿ ಭಾವ ನನ್ನನ್ನ ನೀವು ಅಂದದ್ದು ಇದೇ ಮೊದಲು. ನೀವು ಅಂದದ್ದು ಕಂಪನಿಗಾ, ನನಗಾ? ಕೇಳೋ ಧೈರ್ಯ ಆಗಲಿಲ್ಲ.

ಮಾರ್ಚ್ ೨೪, ಸೋಮವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ನಮ್ಮಲ್ಲಿ ಸರ್ವರ್ ನೋಡಿಕೊಳ್ಳೋ ಗೆಳೆಯನೊಬ್ಬನಿದ್ದಾನೆ, ಜನಕ್ಕೆ ಕಾಣದ ಒಳಗಿನ ಕೆಲಸ ಅವನದು ಅಂತ ನಾವು ಒಳಮನೆಯವನು ಅಂತೀವಿ. ಅವನನ್ನ ಕೂರಿಸಿಕೊಂಡು ಮಂಗಳವಾರದ ದಾಖಲೆ ತೆಗೆಸಿದೆ.

ಮಗುವಿದ್ದ ಆಶ್ರಮದವರು ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಫೋಟೋವನ್ನ ಹಾಗೇ ಹಾಕಿದ್ದಾರೆ. ನಮ್ಮ ಸರ್ವರ್‌ಗೆ ಅಷ್ಟು ದೊಡ್ಡದು ನುಂಗೋಕಾಗಲ್ಲ. ಫೋಟೋ ಬರದೆ ವಿವರ ಬರಲ್ಲ, ವಿವರ ಬರದೆ ಒಪ್ಪಿಗೆಯ ಗುಂಡಿ ಬರಲ್ಲ. ಗುಂಡಿ ಇರೋ ಜಾಗಕ್ಕೂ ಬೂದು ಪಟ್ಟಿ ಹಾಕಿದವನು ನಾನೇ, ನೋಡೋಕೆ ಚೆಂದ ಇರುತ್ತೆ ಅಂತ. ಫೋನು ಹಳೇದಾಗಿದ್ದಕ್ಕಲ್ಲ, ಸಿಗ್ನಲ್ಲಿಗಲ್ಲ. ಯಾರು ಯಾವ ಫೋನಿನಲ್ಲಿ ತೆರೆದಿದ್ರೂ ಬರ್ತಿರಲಿಲ್ಲ. ಗುರುವಾರ ಮಧ್ಯಾಹ್ನ ಬೇರೆ ಯಾವುದೋ ದೂರು ನೋಡೋವಾಗ ಒಳಮನೆಯವನ ಕಣ್ಣಿಗೆ ಬಿದ್ದು ಫೋಟೋ ಚಿಕ್ಕದು ಮಾಡಿದ್ದಾನೆ. ಗಡುವು ಮುಗಿದು ಎರಡು ಗಂಟೆಯಾದ ಮೇಲೆ.

ಅಕ್ಕನ ಫೋನು ಎರಡು ದಿನ ಆ ಪುಟವನ್ನ ಒಂದು ಸಲವೂ ಮುಚ್ಚಿಲ್ಲ. ಒಂದೂವರೆ ನಿಮಿಷಕ್ಕೊಮ್ಮೆ ಕೇಳಿದೆ, ಸಾವಿರದ ಒಂಬೈನೂರ ಹನ್ನೊಂದು ಸಲ. ಪ್ರತೀ ಸಲವೂ ಇಲ್ಲ ಅಂತ ಉತ್ತರ ಬಂದಿದೆ. ಆ ಇಲ್ಲ ಅನ್ನೋದನ್ನ ಅವಳಿಗೆ ತೋರಿಸಬಾರದು ಅಂತ ಬರೆದಿಟ್ಟವನು ನಾನು.

ಫೋಟೋ ತೆರೆದು ನೋಡಿದೆ. ನೋಡೋ ಹಕ್ಕು ನನಗಿಲ್ಲ, ಗೊತ್ತಾದ್ರೆ ಕೆಲಸ ಹೋಗುತ್ತೆ. ಅದರ ಬಗ್ಗೆ ಇಲ್ಲಿ ಬರೆಯಲ್ಲ.

ಮಾರ್ಚ್ ೨೭, ಗುರುವಾರ

ಆಪ್ ಕೆಟ್ಟಿತ್ತು ಅಂತ ಕಂಪನಿ ಬರೆದುಕೊಟ್ಟರೆ ಅಕ್ಕನಿಗೆ ಹಳೇ ಜಾಗ ವಾಪಸ್ ಕೊಡ್ತೀವಿ ಅಂದಿದ್ದಾರಂತೆ ಗುಮಾಸ್ತೆ. ಭಾವ ನನಗೆ ಹೇಳಲಿಲ್ಲ, ಅಕ್ಕ ಹೇಳಿದಳು. ಮೇಡಂ ಹತ್ತಿರ ಹೋದೆ. ಅವರು ಆಪ್‌ನ ದಾಖಲೆ ತರಿಸಿ ನೋಡಿದರು. "ಎಲ್ಲಿ ಕೆಟ್ಟಿದೆ? ಎಲ್ಲಾ ಕಡೆ ಲೋಡಿಂಗ್ ಅಂತಾನೇ ಇದೆಯಲ್ರೀ. ಕೆಟ್ಟಿದೆ ಅಂತ ನಮ್ಮ ಆಪ್ ಎಲ್ಲೂ ಹೇಳಿಲ್ಲ."

ಹೇಳಲ್ಲ. ಹೇಳದ ಹಾಗೆ ಮಾಡಿದ್ದಕ್ಕೇ ಚಪ್ಪಾಳೆ ತಟ್ಟಿದ್ದು.

"ಒಬ್ಬ ಬಳಕೆದಾರರಿಗೆ ಬಹಳ ತೊಂದರೆಯಾಗಿದೆ ಮೇಡಂ" ಅಂದೆ. ನಮ್ಮಕ್ಕ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಆಮೇಲೆ ಮುಖ ತೊಳೆಯೋಕೆ ಹೋದವನು ಅಲ್ಲೇ ಎಷ್ಟೋ ಹೊತ್ತು ನಿಂತಿದ್ದೆ. ಬಳಕೆದಾರರಂತೆ. ನನ್ನನ್ನ ಎತ್ತಿ ಆಡಿಸಿದವಳು.

ಏಪ್ರಿಲ್ ೨, ಬುಧವಾರ

ಪತ್ರ ನಾನೇ ಬರೆದೆ. ಏನಾಯ್ತು, ಯಾಕಾಯ್ತು, ಯಾರಿಂದ ಆಯ್ತು, ಕಾದವಳು ನನ್ನಕ್ಕ ಅನ್ನೋದು, ಎಲ್ಲ ಬರೆದು ಕೆಳಗೆ ನನ್ನ ಹೆಸರು ಹಾಕಿ ದತ್ತು ಕಚೇರಿಗೆ ಕೈಯಾರೆ ಕೊಟ್ಟು ಬಂದೆ. ಕಂಪನಿಯ ಮೊಹರಿಲ್ಲದ ಪತ್ರ ನಡೆಯಲ್ಲ ಅಂತ ಅಲ್ಲೇ ಹೇಳಿದರು. ಆದರೂ ಇಟ್ಟುಕೊಳ್ಳಿ ಅಂದೆ. ಆ ಗುಮಾಸ್ತೆ ಒಳ್ಳೆಯವರು, ಕೂತು ಪೂರ್ತಿ ಓದಿದರು. "ನಿಮ್ಮಕ್ಕನಿಗೆ ಇದು ಗೊತ್ತಾ?" ಅಂತ ಕೇಳಿದರು. ನಾನು ಎದ್ದು ಬಂದೆ.

ಮಧ್ಯಾಹ್ನ ಆಪ್ ಬದಲಾಯಿಸಿದೆ. ಹನ್ನೆರಡು ಸೆಕೆಂಡಾದ ಮೇಲೆ ಬೆಳಕು ನಿಲ್ಲುತ್ತೆ, ಬೂದು ಹೋಗುತ್ತೆ, ಮೂರು ಸಾಲು ಬರುತ್ತೆ. "ವಿವರ ಬರಲಿಲ್ಲ. ತಪ್ಪು ನಿಮ್ಮದಲ್ಲ. ಕಾಯಬೇಡಿ, ಈಗಲೇ ಈ ನಂಬರಿಗೆ ಕರೆ ಮಾಡಿ." ಮೇಡಂ ಕರೆ ಮತ್ತೆ ಜಾಸ್ತಿಯಾಗುತ್ತೆ ಅಂತ ಗೊಣಗಿದರು. ಒಂದು ಗಂಟೆಗಿಂತ ಹೆಚ್ಚು ಹೊಳೀತಾ ಕೂತ ಪುಟಗಳ ಲೆಕ್ಕ ಮುಂದಿಟ್ಟೆ, ಈ ಒಂದು ತಿಂಗಳಲ್ಲೇ ಮೂವತ್ತೇಳು. ಓದಿ ಒಪ್ಪಿದರು. ಕೊನೆಗೆ ನಡುವಿನ ಸಾಲು ಮಾತ್ರ ಹೊಡೆದುಹಾಕಿದರು. "ತಪ್ಪು ನಿಮ್ಮದಲ್ಲ ಅಂದ್ರೆ, ಮತ್ತೆ ಯಾರದು ಅಂತ ಕೇಳ್ತಾರೆ." ಕೇಳಿದ್ರೆ ನನ್ನ ಹೆಸರು ಹೇಳಿ ಮೇಡಂ ಅಂದೆ. ಅವರು ತಮಾಷೆ ಅಂದುಕೊಂಡರು.

ಏಪ್ರಿಲ್ ೬, ಭಾನುವಾರ

ನಾಲ್ಕು ವಾರದ ಮೇಲೆ ಅಕ್ಕನ ಮನೆಗೆ ಹೋದೆ. ಹೇಳಿಯೇ ಬರಬೇಕು ಅಂತ ಹೋಗಿದ್ದು, ಹೇಳಲಿಲ್ಲ. ಭಾವ ಕೆಲಸ ಇದೆ ಅಂತ ಹೊರಗೆ ಹೋದರು. ಭಾನುವಾರ ಅವರಿಗೆ ಕೆಲಸ ಇರಲ್ಲ.

ಅಕ್ಕನಿಗೆ ಏನಾಗಿದೆಯೋ, ಇವತ್ತು ಮಾತಾಡಿದ್ದೇ ಮಾತಾಡಿದ್ದು. ನಾನು ತಟ್ಟೆ ತೊಳೆದೆ, ಒರೆಸಿದೆ, ಅವಳ ಪಕ್ಕ ಕೂತೆ, ಅವಳು ಹೇಳ್ತಾನೇ ಇದ್ದಳು. ಅಂಗಡಿಗೆ ಬರೋ ಮುದುಕರೊಬ್ಬರು ಕನ್ನಡಕ ಹಾಕಿಕೊಂಡ ತಕ್ಷಣ ಹೆಂಡತಿ ಮುಖ ನೋಡಿ ಬೆಚ್ಚಿಬಿದ್ದದ್ದು, ನಾವು ಚಿಕ್ಕವರಿದ್ದಾಗ ನಾನು ಅಂಗಿ ತಿರುಗುಮುರುಗಾಗಿ ಹಾಕಿಕೊಂಡು ಶಾಲೆಗೆ ಹೋದದ್ದು. ಇಷ್ಟೊಂದು ಮಾತು ಇವಳಲ್ಲಿ ಎಲ್ಲಿತ್ತು ಅಂತ ಆಶ್ಚರ್ಯ ಆಯ್ತು. ದುಃಖಕ್ಕೆ ಜನ ಹೀಗೂ ಆಗ್ತಾರೇನೋ.

ನಡುವೆ ಒಂದು ಮಾತು ಹೇಳಿದಳು, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ. "ಅವತ್ತು ಊಟಕ್ಕೆ ಬಂದಾಗ ನಿನ್ನ ಕೇಳೋಣ ಅಂತಿದ್ದೆ ಕಣೋ, ಅದು ಹೊಳೀತಾ ಇದ್ರೆ ನಾನು ಎಷ್ಟು ಹೊತ್ತು ಕಾಯಬೇಕು ಅಂತ. ಯಾಕೋ ಮರೆತುಹೋಯ್ತು."

ಮರೆತದ್ದಲ್ಲ. ನಾನು ಬಾಯಿ ಮುಚ್ಚಿಸಿದ್ದು.

ಏಪ್ರಿಲ್ ೧೩, ಭಾನುವಾರ

ಹೇಳಿದೆ. ಮನೆಗೆ ಬಂದ ತಕ್ಷಣ ಬರೀತಿದ್ದೀನಿ, ಇನ್ನೂ ಬಿಸಿಲಿದೆ.

ಇಬ್ಬರೂ ಮನೆಯಲ್ಲಿದ್ದರು. ಭಾವ ಹೊರಡೋಕೆ ಚಪ್ಪಲಿ ಮೆಟ್ಟಿದ್ದರು, "ಐದು ನಿಮಿಷ ಕೂತ್ಕೊಳ್ಳಿ ಭಾವ, ನಿಮಗೂ ಹೇಳಬೇಕು" ಅಂದೆ. ಏನೂ ಬಿಡದೆ ಹೇಳಿದೆ. ಬರಲಿಲ್ಲ ಅನ್ನೋ ಪುಟ ತೆಗೆಸಿದ್ದು ನಾನು, ಅದರ ಜೊತೆ ನಂಬರ್ ಹೋಯ್ತು. ಗುಂಡಿಯ ಜಾಗಕ್ಕೆ ಬೂದು ಹಾಕಿದ್ದು ನಾನು. ಮೊದಲನೇ ನಿಮಿಷದಲ್ಲೇ ಅದು ಬರಲ್ಲ ಅಂತ ಸರ್ವರ್‌ಗೆ ಗೊತ್ತಿತ್ತು, ನಿಮಗೆ ಗೊತ್ತಾಗದ ಹಾಗೆ ಮಾಡಿದ್ದು ನಾನು. ಫೋನ್ ಹಳೇದು ಅಂದದ್ದು ಸುಳ್ಳು.

ಭಾವ ನೆಲ ನೋಡ್ತಿದ್ದರು. "ಮಂಗಳವಾರ ಸಂಜೆ ನಾನು ಕಚೇರಿಗೆ ಹೋಗಿ ಬರ್ತೀನಿ ಅಂತ ಎದ್ದಿದ್ದೆ" ಅಂದರು. "ಇವಳೇ ಬಿಡಲಿಲ್ಲ. ನಮ್ಮ ತಮ್ಮ ಮಾಡಿದ್ದು, ಬರುತ್ತೆ ಅಂದಳು."

ಅಕ್ಕ ಹೌದು ಅನ್ನೋ ಹಾಗೆ ತಲೆಯಾಡಿಸಿದಳು. "ಬೇರೆ ಯಾರೋ ಮಾಡಿದ್ದಾಗಿದ್ರೆ ಒಂದು ಗಂಟೆಯಲ್ಲೇ ಎದ್ದು ಹೋಗಿರ್ತಿದ್ದೆ ಕಣೋ. ನಿಂದಲ್ವಾ ಅಂತ ಕೂತೆ." ಬೈದಿದ್ರೆ ಎಷ್ಟೋ ವಾಸಿ ಇತ್ತು. ಅವಳ ಕಾಲ ಹತ್ತಿರ ಕೂತುಬಿಟ್ಟೆ. ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಅವಳು ಏನೋ ಹೇಳಬೇಕು ಅಂತಿದ್ದಾಳೆ ಅಂತ ಕಾಣ್ತಿತ್ತು. ತುಂಬಾ ಹೊತ್ತು ಹಿಡೀತು. ನಾನು ಏನೂ ಅನ್ನಲಿಲ್ಲ.

"ಆ ಫೋಟೋ ನೀನು ನೋಡಿದ್ಯಾ?"

ನೋಡಿದೆ ಅಂದೆ.

ಭಾವ ಚಪ್ಪಲಿ ಬಿಚ್ಚಿ ಬಂದು ಅಕ್ಕನ ಪಕ್ಕ ಕೂತರು. "ಹೇಳು" ಅಂದಳು ಅಕ್ಕ. ಹೇಳಬಾರದು. ಹೇಳಿದೆ. ನೆಲದ ಮೇಲೆ ಕೂತಿದೆ, ಹಿಂದೆ ನೀಲಿ ಗೋಡೆ ಇದೆ. ಒಂದು ವರ್ಷ ಎರಡು ತಿಂಗಳು ಅಂತ ಬರೆದಿದ್ದರು. ಯಾರೋ ಅವಸರದಲ್ಲಿ ಕೂದಲು ಕತ್ತರಿಸಿದ್ದಾರೆ, ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಒಂದು ಕಾಲಿಗೆ ಮಾತ್ರ ಕಾಲುಚೀಲ, ಇನ್ನೊಂದನ್ನ ಕೈಯಲ್ಲಿ ಹಿಡ್ಕೊಂಡಿದೆ, ಬೇಕಾ ಅಂತ ಫೋಟೋ ತೆಗೆಯೋರಿಗೆ ಚಾಚಿದೆ. ಮೇಲೆ ಎರಡು ಹಲ್ಲು.

"ನಗ್ತಿದ್ದಾನಾ?" ಅಂದಳು ಅಕ್ಕ.

ಒಂದು ಕ್ಷಣ ನನಗೆ ಅರ್ಥ ಆಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದೆ, "ನಗ್ತಿದ್ದಾಳೆ ಅಕ್ಕ. ಹೆಣ್ಣು ಮಗು."

ಅಕ್ಕ ಭಾವನ ಮುಖ ನೋಡಿದಳು. ಭಾವ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಇವರು ಎರಡು ದಿನ ಫೋನನ್ನ ಗೋಡೆಗೆ ಒರಗಿಸಿಟ್ಟು, ಆ ಬೂದು ವೃತ್ತದ ಎದುರಿಗೆ ಕೂತು ಮಾತಾಡಿಸಿದ್ದಾರೆ. ಅಕ್ಕನೇ ಹೇಳಿದಳು, ಒಂದೊಂದೇ ಪದ, ನಡುನಡುವೆ ನಿಲ್ಲಿಸಿ. ಬಾರೋ ಅಂದದ್ದು, ಇದು ನಿನ್ನ ಕೋಣೆ ಕಣೋ ಅಂದದ್ದು, ಭಾವ ಬೆಳಿಗ್ಗೆ ಕೆಲಸಕ್ಕೆ ಹೊರಡೋವಾಗ ಹೋಗಿಬರ್ತೀನಪ್ಪಾ ಅಂದದ್ದು.

"ಪಾಪ, ಅವಳನ್ನ ಒಂದು ಸಲವೂ ಬಾರೇ ಅಂತ ಕರೀಲಿಲ್ಲ ಕಣೋ ನಾವು" ಅಂದಳು.